ಮೂರನೇ ಬೆಂಚಿನ ಪ್ರಶ್ನೆ

"ಅವನು ಕೊನೇ ಸಲ ಕೂತಿದ್ದು ನಿಮ್ಮ ಕ್ಲಾಸಲ್ಲಂತೆ."

ಬಾಗಿಲಲ್ಲಿ ನಿಂತ ಮನುಷ್ಯ ಹೀಗೆಂದಾಗ ಅವಳು ಅರ್ಧ ಸುಲಿದ ಕಿತ್ತಳೆಯನ್ನು ಕೈಯಲ್ಲೇ ಹಿಡಿದು ತಲೆ ಎತ್ತಿದಳು. ಊಟದ ಬಿಡುವು. ಅಧ್ಯಾಪಕರ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆತನದು ನೀಲಿ ಸಮವಸ್ತ್ರ, ಜೇಬಿನ ಮೇಲೆ ಲಿಫ್ಟ್ ರಿಪೇರಿ ಕಂಪನಿಯೊಂದರ ಗುರುತು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಯಾರು?" ಎಂದಳು. ಕೇಳಿದ ಮರುಕ್ಷಣವೇ ಅವಳಿಗೆ ಗೊತ್ತಾಯಿತು.

"ನನ್ನ ಮಗ. ರೈಲ್ವೆ ಹಳಿ ಹತ್ತಿರ..." ಎಂದು ಆತ ಅಷ್ಟಕ್ಕೇ ನಿಲ್ಲಿಸಿದ.

ಕಾಲೇಜಿನಲ್ಲಿ ಅದು ಎಲ್ಲರಿಗೂ ತಿಳಿದಿದ್ದ ಸಂಗತಿ. ಎರಡನೇ ವರ್ಷದ ಹುಡುಗ. ಗುರುವಾರ ಮಧ್ಯಾಹ್ನ ಕ್ಲಾಸು ಮುಗಿಸಿ ಎಲ್ಲರೂ ಹೋಗುವ ಅಡ್ಡದಾರಿಯಲ್ಲೇ ಮನೆಗೆ ಹೊರಟಿದ್ದ. ಕಿವಿಯಲ್ಲಿ ಹಾಡು ಹಾಕಿಕೊಂಡಿದ್ದ, ರೈಲು ಬಂದದ್ದು ಕೇಳಿಸಲಿಲ್ಲ ಎಂದು ಪೊಲೀಸರು ಬರೆದುಕೊಂಡಿದ್ದರು. ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಮೌನ ಆಚರಿಸಿದ ದಿನ ಅವಳೂ ತಲೆ ತಗ್ಗಿಸಿ ನಿಂತಿದ್ದಳು. ಹುಡುಗನ ಮುಖವನ್ನು ನೆನಪಿಗೆ ತಂದುಕೊಳ್ಳಲು ಹೊರಟು, ಅದು ಬಾರದೆ, ಕೊನೆಗೆ ಅಕ್ಕನ ಕನ್ನಡಕವನ್ನು ರಿಪೇರಿ ಅಂಗಡಿಯಿಂದ ತರಬೇಕಲ್ಲ ಎಂಬ ಯೋಚನೆಯಲ್ಲಿ ಆ ಮೌನ ಮುಗಿದುಹೋಗಿತ್ತು.

ಹುಡುಗರು ಅವಳಿಗೆ ಇಟ್ಟ ಅಡ್ಡಹೆಸರು ಶೂನ್ಯ ಮೇಡಂ. ಬದುಕಿಗೆ ಮೊದಲೇ ಬರೆದಿಟ್ಟ ಅರ್ಥವಿಲ್ಲ ಎಂದು ಹೇಳುವ ನಾಟಕಗಳು, ಎತ್ತಲೂ ಸಾಗದ ಮಾತುಗಳ ನಾಟಕಗಳು ಅವಳ ಪಾಲಿಗೆ ಬಂದ ಪಾಠ. ಅದನ್ನು ಅವಳು ಎಷ್ಟೋ ವರ್ಷದಿಂದ ಮಾಡುತ್ತ ಬಂದಿದ್ದಳು, ಚೆನ್ನಾಗಿಯೇ ಮಾಡುತ್ತಿದ್ದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ಎಲ್ಲ ನಾಲಿಗೆಗೆ ಪಳಗಿಹೋಗಿತ್ತು. "ಬದುಕೋದು ಯಾಕೆ ಅನ್ನೋದು ಒಳ್ಳೆ ಪ್ರಶ್ನೆ. ಆದರೆ ಸಿಲೆಬಸ್‌ನಲ್ಲಿಲ್ಲ, ಪರೀಕ್ಷೆಗೂ ಬರಲ್ಲ. ಬರ್ಕೋಬೇಡಿ," ಎಂದಾಗ ಪ್ರತಿ ವರ್ಷವೂ ಕ್ಲಾಸು ಗೊಳ್ಳೆಂದು ನಗುತ್ತಿತ್ತು. ಆ ಗುರುವಾರವೂ ನಕ್ಕಿತ್ತು. ಅಂದು ಆ ಮಾತು ಹೇಳಿದ್ದೆ ಎಂಬುದನ್ನು ಅವಳು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ.

"ಕೂತ್ಕೊಳ್ಳಿ," ಎಂದಳು.

ಆತ ಕೂರಲಿಲ್ಲ. "ಒಂದೇ ಮಾತು ಕೇಳಿ ಹೋಗ್ತೀನಿ. ಅವತ್ತು ಹೇಗಿದ್ದ ಅವನು?"

"ಚೆನ್ನಾಗಿದ್ದ."

"ಚೆನ್ನಾಗಿದ್ದ ಅಂದ್ರೆ?"

ನೆನಪಿಲ್ಲ ಎಂದುಬಿಡಬಹುದಿತ್ತು. ಅರವತ್ತು ಹುಡುಗರ ಕ್ಲಾಸು, ಹಾಜರಿಯನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಕರೆಯುತ್ತೇನೆ, ಕ್ಷಮಿಸಿ ಎಂದಿದ್ದರೆ ಆತ ತಲೆಯಾಡಿಸಿ ಹೋಗಿಬಿಡುತ್ತಿದ್ದ. ಆದರೆ ಆ ಕಣ್ಣುಗಳು ಅವಳ ಬಾಯನ್ನೇ ನೋಡುತ್ತಿದ್ದವು. ಮಾತು ಹೊರಬೀಳುವ ಮೊದಲೇ ಹಿಡಿದುಕೊಳ್ಳಲು ನಿಂತವನ ಹಾಗೆ.

"ಅವತ್ತು ಒಂದು ಪ್ರಶ್ನೆ ಕೇಳಿದ," ಎಂದಳು.

"ಪ್ರಶ್ನೆ ಕೇಳಿದ್ನಾ? ಎಲ್ಲರ ಎದುರಿಗೆ?"

"ಹ್ಞೂಂ."

ಆತ ಈಗ ಕೂತ. ಕುರ್ಚಿಯ ತುದಿಯಲ್ಲಿ. "ಅವನು ತೊದಲ್ತಿದ್ದ ಮೇಡಂ," ಎಂದ. "ಚಿಕ್ಕಂದಿನಿಂದ. ನನಗೂ ಇತ್ತು, ಓದುವಾಗ ಈಗಲೂ ತಡೆಯುತ್ತೆ, ನನ್ನಿಂದಾನೇ ಬಂದಿದ್ದು. ಅಂಗಡೀಲಿ ಬೇಕಾಗಿದ್ದನ್ನ ಕೇಳೋಕೂ ಆಗ್ತಿರಲಿಲ್ಲ, ಬೆರಳು ತೋರಿಸ್ತಿದ್ದ. ಕ್ಲಾಸಲ್ಲಿ ಎದ್ದು ನಿಂತು ಕೇಳಿದ್ನಾ?"

ಅವಳಿಗೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿಹೋಗಿತ್ತು. "ಕೇಳಿದ," ಎಂದಳು. "ಹೊತ್ತು ಹಿಡೀತು. ನಾವೆಲ್ಲ ಕಾದ್ವಿ."

"ಏನಂತ ಕೇಳಿದ?"

ಅಂದು ಅವಳು ಮಾಡುತ್ತಿದ್ದದ್ದು ಇಬ್ಬರು ಕಾವಲುಗಾರರ ನಾಟಕ. ಒಂದು ದೊಡ್ಡ ಮನೆ ಬಿದ್ದುಹೋಗಿ ಅದರ ಗೇಟು ಮಾತ್ರ ಉಳಿದಿರುತ್ತದೆ. ಸುತ್ತಲೂ ಬರೀ ಬಯಲು. ಇಬ್ಬರು ಕಾವಲುಗಾರರು ಆ ಗೇಟನ್ನು ಬೆಳಿಗ್ಗೆ ತೆರೆಯುತ್ತಾರೆ, ಸಂಜೆ ಬೀಗ ಹಾಕುತ್ತಾರೆ. ಬಂದವರನ್ನು ಯಾರು, ಯಾಕೆ ಬಂದಿರಿ ಎಂದು ವಿಚಾರಿಸುತ್ತಾರೆ. ಪಕ್ಕದಿಂದ ಸುಮ್ಮನೆ ನಡೆದು ಹೋಗಬಹುದಾದರೂ ಯಾರೂ ಹಾಗೆ ಹೋಗುವುದಿಲ್ಲ. ನಾಟಕದಲ್ಲಿ ಇಷ್ಟೇ ನಡೆಯುವುದು. ಅವಳು ಅದನ್ನೇ ಆತನಿಗೆ ಹೇಳಿ, "ಆ ಕಾವಲುಗಾರರಿಗೆ ಮನೆ ಬಿದ್ದಿರೋದು ಗೊತ್ತಾ ಅಂತ ಕೇಳಿದ," ಎಂದಳು.

"ಕಾವಲುಗಾರರಿಗೆ ಅಂತ ಅಂದ್ನಾ? ಅವನಿಗೆ 'ಕ' ಅನ್ನೋದು ಬಾಯಿಗೇ ಬರ್ತಿರಲಿಲ್ಲ." ಆತ ಟೋಪಿಯಿಂದ ಮುಖ ಒರೆಸಿಕೊಂಡ. "ನೀವು ಏನಂದ್ರಿ?"

"ಬೆಲ್ ಆಗಿಬಿಡ್ತು. ಮುಂದಿನ ಕ್ಲಾಸಲ್ಲಿ ಮಾತಾಡೋಣ ಅಂದೆ."

ಸುಮ್ಮನೆ ಮಾತು ಮುಗಿಸಲು ಹೇಳಿದ್ದು. ಆತ ಅದನ್ನು ಕೇಳಿ ಬಹಳ ನಿಧಾನಕ್ಕೆ ತಲೆ ಎತ್ತಿದ.

"ಮುಂದಿನ ಕ್ಲಾಸಲ್ಲಿ," ಎಂದ. "ಹಾಗಾದ್ರೆ ಮುಂದಿನ ಕ್ಲಾಸಿಗೆ ಬರೋನಿದ್ದ."

ಅವಳ ಕೈಯಲ್ಲಿದ್ದ ಕಿತ್ತಳೆಯ ರಸ ಮಣಿಕಟ್ಟಿಗೆ ಇಳಿಯುತ್ತಿತ್ತು. ತಾನು ಏನು ಕೊಟ್ಟುಬಿಟ್ಟೆ ಎಂಬುದು ಆಗಷ್ಟೇ ಅವಳಿಗೆ ಹೊಳೆಯಿತು.

"ಇವಳಿಗೆ ಅದೇ ಕೊರೆತ ಮೇಡಂ. ನನ್ನ ಹೆಂಡತಿಗೆ. ಅವನಾಗೇ ನಿಂತ್ಕೊಂಡ್ನೋ, ಕೇಳಿಸಲಿಲ್ವೋ ಅಂತ. ನನಗೂ ಅಷ್ಟೇ. ಇಬ್ಬರೂ ಒಂದೇ ಮನೇಲಿ ಅದನ್ನೇ ಯೋಚನೆ ಮಾಡ್ತೀವಿ, ಬಾಯಿಬಿಟ್ಟು ಆಡಲ್ಲ." ಆತ ಎದ್ದು ನಿಂತ. "ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯ್ತಿರೋನು ಹಾಗೆ ಮಾಡ್ಕೊಳ್ಳಲ್ಲ ಅಲ್ವಾ?"

"ಇಲ್ಲ," ಎಂದಳು. "ಮಾಡ್ಕೊಳ್ಳಲ್ಲ."

ಬಾಗಿಲ ತನಕ ಹೋದವನು ತಿರುಗಿದ. "ಆ ಉತ್ತರ ಅವನಿಗೆ ಸಿಗಲಿಲ್ವಲ್ಲ. ನಾನು ಒಂದು ದಿನ ಬಂದು ಕೂತ್ಕೊಂಡ್ರೆ ಹೇಳ್ತೀರಾ? ಅವನ ಬದಲಿಗೆ ಕೇಳಿಸ್ಕೊಂಡು ಹೋಗ್ತೀನಿ. ಎಲ್ಲಿ ಕೂತ್ಕೋತಿದ್ದ?"

"ಮೂರನೇ ಬೆಂಚು. ಕಿಟಕಿ ಪಕ್ಕ," ಎಂದಳು. ಅವಳು ಕಲಿಸುವ ಕೋಣೆಯಲ್ಲಿ ಬೆಳಕು ಬೀಳುವುದು ಅಲ್ಲಿ. ಬೇರೆ ಕಾರಣವೇನೂ ಇರಲಿಲ್ಲ.

ಸಂಜೆ ಅವಳು ಅದನ್ನು ಅಕ್ಕನಿಗೆ ಹೇಳಿದಳು. ಅಕ್ಕ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತಳಾದವಳು. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ, ಒಂದೇ ರೇಡಿಯೋಗೆ ಜಗಳವಾಡುತ್ತ ಉಳಿದಿದ್ದರು. ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡಳು.

"ಸುಳ್ಳು ಹೇಳಿದ್ದೇನೋ ಹೇಳಿದೆ," ಎಂದಳು ಕೊನೆಗೆ. "ನಾನೂ ಎಷ್ಟೋ ಜನಕ್ಕೆ ಹೇಳಿದ್ದೀನಿ. ನೋವಿರಲಿಲ್ಲ, ನಿದ್ದೇಲೇ ಹೋದ್ರು ಅಂತ. ಆದರೆ ನಾನು ಯಾರನ್ನೂ ವಾರ್ಡಿಗೆ ಕರೆದು ಮಂಚ ತೋರಿಸ್ಲಿಲ್ಲ. ನೀನು ತಿರುಗಿ ಬಾ ಅಂದಿದ್ದೀಯ."

"ಅವರೇ ಬರ್ತೀನಂದ್ರು."

"ನೀನು ಬೇಡ ಅನ್ನಲಿಲ್ಲ." ಅಕ್ಕ ದಿಂಬಿನ ಹೊದಿಕೆಯನ್ನು ಜಾಡಿಸಿದಳು. "ಯಾರ ಸಮಾಧಾನಕ್ಕೆ ಹೇಳಿದ್ದು, ಅವರದ್ದಾ, ನಿನ್ನದ್ದಾ? ಅದನ್ನಾದರೂ ಸರಿಯಾಗಿ ತಿಳ್ಕೊ."

ಅವಳು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಕಣ್ಣು ಮುಚ್ಚಿದರೆ ಕ್ಲಾಸು ಬರುತ್ತಿತ್ತು, ಬೆಂಚುಗಳ ಸಾಲು ಬರುತ್ತಿತ್ತು, ನಗುವ ಬಾಯಿಗಳು ಬರುತ್ತಿದ್ದವು. ಹಿಂದೆ ಎಲ್ಲೋ ಒಂದು ಸಂಖ್ಯೆ ಕರೆದಾಗ "ಪ್ರೆಸೆಂಟ್" ಎನ್ನದೆ ಮೇಲೇಳುವ ಒಂದು ಕೈ ಇತ್ತೇ? ಇದ್ದಿರಬೇಕು. ಹಾಗೆ ಕೈ ಎತ್ತುವವರನ್ನು ಸೋಮಾರಿಗಳು ಎಂದು ಒಂದೆರಡು ಸಲ ಗದರಿದ್ದ ನೆನಪು ಮಾತ್ರ ಸ್ಪಷ್ಟವಾಗಿತ್ತು.

ಮುಂದಿನ ಗುರುವಾರ ಆತ ಬಂದ. ಸಮವಸ್ತ್ರದ ಬದಲು ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೂದಲನ್ನು ನೀರು ಹಾಕಿ ಒತ್ತಿ ಬಾಚಿದ್ದ. ಅವಳು ಹುಡುಗರಿಗೆ ಮೊದಲೇ ಏನೂ ಹೇಳಿರಲಿಲ್ಲ. ಹೇಳಲು ಎರಡು ಸಲ ಹೊರಟು, ಏನೆಂದು ಶುರು ಮಾಡುವುದೋ ತಿಳಿಯದೆ ಬಿಟ್ಟಿದ್ದಳು. ಆತ ಅವಳ ಹಿಂದೆಯೇ ಒಳಗೆ ಬಂದದ್ದನ್ನು ಕಂಡು, ಯಾರೋ ಪರಿಶೀಲನೆಗೆ ಬಂದ ಅಧಿಕಾರಿಯಿರಬೇಕೆಂದು ಅರ್ಧ ಜನ ಎದ್ದು ನಿಂತರು.

"ಕೂತ್ಕೊಳ್ಳಿ ಮಕ್ಕಳೇ," ಎಂದ ಆತ. ನಂತರ, ಅವಳು ಬಾಯಿ ತೆರೆಯುವ ಮೊದಲೇ, ತಾನು ಯಾರ ಅಪ್ಪ ಎಂಬುದನ್ನು ಹೇಳಿದ. "ಕಾವಲುಗಾರರ ವಿಷಯ ಪ್ರಶ್ನೆ ಕೇಳಿದ್ನಂತಲ್ಲ ನಿಮ್ಮ ಜೊತೆಯವನು. ಅದರ ಉತ್ತರ ಕೇಳಿಸ್ಕೊಂಡು ಹೋಗೋಣ ಅಂತ ಬಂದೆ."

ಕ್ಲಾಸಿನ ಮುಖಗಳೆಲ್ಲ ಆತನನ್ನು ನೋಡಿ, ಆಮೇಲೆ ಅವಳತ್ತ ತಿರುಗಿದವು. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. ಇನ್ನೇನು ಯಾರೋ ಒಬ್ಬರು, ಕೆಟ್ಟ ಉದ್ದೇಶದಿಂದಲ್ಲ, ಸುಮ್ಮನೆ ಗೊಂದಲದಿಂದ, ಯಾವ ಪ್ರಶ್ನೆ ಅಂಕಲ್ ಎಂದುಬಿಡುತ್ತಾರೆ. ಅವಳು ಅದಕ್ಕೆ ಕಾದಳು. ನೋಡಬಾರದೆಂದುಕೊಂಡರೂ ಅವಳ ಕಣ್ಣು ಕಿಟಕಿ ಪಕ್ಕದ ಮೂರನೇ ಬೆಂಚಿಗೆ ಹೋಯಿತು. ಅಲ್ಲಿ ಕೂತಿದ್ದವಳು ಗುಂಗುರು ಕೂದಲಿನ ಒಬ್ಬ ಹುಡುಗಿ.

ಅಪ್ಪನೂ ಅತ್ತಲೇ ನೋಡಿದ. "ಅಲ್ಲೇನಾ ಅವನು ಕೂತ್ಕೋತಿದ್ದಿದ್ದು?"

ವರ್ಷದ ಮೊದಲ ದಿನದಿಂದ ಆ ಜಾಗ ಆ ಹುಡುಗಿಯದೇ. ಬೆಂಚಿನ ಮೇಲೆ ಅವಳು ಪೆನ್ನಿನಲ್ಲಿ ಬರೆದಿದ್ದ ಬಳ್ಳಿಯ ಚಿತ್ರವೂ ಇತ್ತು. ಹುಡುಗಿ ಒಂದು ಕ್ಷಣ ಶೂನ್ಯ ಮೇಡಂ ಮುಖ ನೋಡಿದಳು. ಪುಸ್ತಕಗಳನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದಳು.

"ಹೌದು ಅಂಕಲ್, ಇಲ್ಲೇ. ಬನ್ನಿ."

ಆತ ಹೋಗಿ ಕೂತ. ಅಂಗೈಯಿಂದ ಬೆಂಚನ್ನು ಒಮ್ಮೆ ಸವರಿದ. "ಕೇಳಿದಾಗ ನೀವೆಲ್ಲ ನಗಲಿಲ್ವಾ?" ಎಂದು ಹುಡುಗಿಯನ್ನು ಕೇಳಿದ. "ಅವನಿಗೆ ಅದೇ ಹೆದರಿಕೆ ಇತ್ತು."

"ಇಲ್ಲ ಅಂಕಲ್. ಹೊತ್ತು ಹಿಡೀತು. ನಾವೆಲ್ಲ ಕಾದ್ವಿ."

ಶೂನ್ಯ ಮೇಡಂ ಹುಡುಗಿಯತ್ತ ತಿರುಗಿದಳು. ತಾನು ಆತನಿಗೆ ಹೇಳಿದ್ದ ಅದೇ ಮಾತು, ಅದೇ ಕ್ರಮದಲ್ಲಿ. ಅಂದು ಅಧ್ಯಾಪಕರ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕನ ಹತ್ತಿರವೂ ಆ ಮಾತನ್ನು ಹಾಗೆ ಹೇಳಿರಲಿಲ್ಲ.

"ಫ್ಯಾನ್ ಕೂಡ ನಿಂತುಹೋಗಿತ್ತು ಅವತ್ತು," ಎಂದ ಹಿಂದಿನ ಸಾಲಿನ ಒಬ್ಬ. "ಕರೆಂಟಿರಲಿಲ್ಲ."

"ಕೇಳಿ ಕೂತಮೇಲೆ ಕಿವಿಯೆಲ್ಲ ಕೆಂಪಾಗಿತ್ತು," ಎಂದ ಇನ್ನೊಬ್ಬ.

"ಅದು ಆಗ್ತಿತ್ತು ಅವನಿಗೆ," ಎಂದು ಅಪ್ಪ ತಲೆಯಾಡಿಸಿದ. "ಕಿವಿ ಕೆಂಪಾಗ್ತಿತ್ತು."

ಇಷ್ಟು ದಿನ ಅವಳು ನೆನಪಿನಲ್ಲಿ ಎಷ್ಟು ತಡಕಿದರೂ ಬಾರದಿದ್ದ ಹುಡುಗ ಈಗ ಬರತೊಡಗಿದ್ದ. ನಿಂತ ಫ್ಯಾನಿನ ಕೆಳಗೆ, ಬೆಂಚಿನ ಅಂಚು ಹಿಡಿದು, ಕೆಂಪೇರಿದ ಕಿವಿಗಳೊಡನೆ ಎದ್ದು ನಿಲ್ಲುತ್ತಿದ್ದ. ಯಾವುದು ಯಾರು ಸೇರಿಸಿದ್ದು, ಯಾವುದು ನಿಜಕ್ಕೂ ನಡೆದದ್ದು ಎಂದು ಬೇರ್ಪಡಿಸಲು ಹೋದರೆ ಅವನು ಮತ್ತೆ ಕರಗುತ್ತಿದ್ದ. ಅವಳು ಬೇರ್ಪಡಿಸುವುದನ್ನು ಬಿಟ್ಟಳು.

ಪಾಠ ಶುರು ಮಾಡಿದಳು. ಗೇಟು, ಬಯಲು, ಬೆಳಿಗ್ಗೆಯ ಬೀಗ, ಸಂಜೆಯ ಬೀಗ. ಮಾತು ತನ್ನ ಪಾಡಿಗೆ ಹಳೆಯ ದಾರಿ ಹಿಡಿದು ಹೋಗಿ, ಯಾವಾಗಲೂ ನಗಿಸುವ ಜಾಗಕ್ಕೆ ಬಂದು ನಿಂತಿತು. "ಬದುಕೋದು ಯಾಕೆ ಅನ್ನೋದು ಒಳ್ಳೆ ಪ್ರಶ್ನೆ," ಎಂದಳು. ಹುಡುಗರಿಗೆ ಮುಂದಿನದು ಗೊತ್ತಿತ್ತು. ಮೂರನೇ ಬೆಂಚಿನಲ್ಲಿ ಆತ ಎರಡೂ ಕೈ ಕಟ್ಟಿಕೊಂಡು, ಚಿಕ್ಕ ಕ್ಲಾಸಿನ ಮಕ್ಕಳ ಹಾಗೆ ನೆಟ್ಟಗೆ ಕೂತು ಕೇಳುತ್ತಿದ್ದ. ಅವಳು ಮುಂದಿನ ವಾಕ್ಯ ಹೇಳದೆ ಪುಸ್ತಕದ ಹಾಳೆ ತಿರುವಿದಳು.

"ಹೇಳಿ ಮೇಡಂ," ಎಂದ ಆತ, ಅವಳು ಮರೆತಿರಬೇಕೆಂದುಕೊಂಡು. "ಅವರಿಗೆ ಗೊತ್ತಾ? ಮನೆ ಇಲ್ಲ ಅಂತ?"

"ನನಗೆ ಗೊತ್ತಿಲ್ಲ," ಎಂದಳು. "ಎಷ್ಟೋ ವರ್ಷದಿಂದ ಈ ಪಾಠ ಮಾಡ್ತಿದ್ದೀನಿ. ಇದನ್ನ ಯಾರೂ ಕೇಳಿರಲಿಲ್ಲ." ಒಂದು ಕ್ಷಣ ತಡೆದು, "ಅವನು ಕೇಳೋ ತನಕ," ಎಂದು ಸೇರಿಸಿದಳು. "ನಾಟಕದಲ್ಲಿ ಎಲ್ಲೂ ಬರೆದಿಲ್ಲ. ಓದಿ ನೋಡೋಣ. ನೀವು ಒಬ್ಬ ಕಾವಲುಗಾರನ ಮಾತು ಓದ್ತೀರಾ?"

ಯಾಕೆ ಹಾಗೆ ಕೇಳಿದಳೋ ಅವಳಿಗೇ ತಿಳಿಯಲಿಲ್ಲ. ಆತ ಬೆಚ್ಚಿ ಸುತ್ತ ನೋಡಿದ. ಗುಂಗುರು ಕೂದಲಿನ ಹುಡುಗಿ ಪುಸ್ತಕವನ್ನು ಇಬ್ಬರ ನಡುವೆ ಇಟ್ಟು, ಬೆರಳಿನಿಂದ ಸಾಲು ತೋರಿಸಿದಳು. ಹುಡುಗಿ ಮೊದಲ ಕಾವಲುಗಾರ, ಆತ ಎರಡನೆಯವ.

"ಯಾರೋ ಬರ್ತಿದ್ದಾರೆ," ಎಂದು ಹುಡುಗಿ ಓದಿದಳು.

"ಬರ್ಲಿ. ಬಂದವರು ನಿಲ್ತಾರೆ," ಎಂದು ಆತ ಓದಿದ. ದನಿ ದಪ್ಪಗಿತ್ತು, ಒಂದೊಂದೇ ಪದವನ್ನು ಎತ್ತಿ ಇಡುತ್ತಿದ್ದ.

"ಗೇಟು ತೆಗೆಯೋಣವಾ?"

ಎರಡನೇ ಕಾವಲುಗಾರನ ಮುಂದಿನ ಮಾತು, ಕೀಲಿ ನನ್ನ ಹತ್ತಿರ ಇದೆ, ಒಳಗೆ ಕೇಳಿ ಬರ್ತೀನಿ ಎಂಬುದು. ಆತ ಬಾಯಿ ತೆರೆದ. "ಕ" ಎಂದ. ಮತ್ತೆ "ಕ" ಎಂದ. ಅಲ್ಲಿಗೇ ನಿಂತಿತು. ಕತ್ತಿನ ನರಗಳು ಉಬ್ಬಿದವು, ಕಣ್ಣು ಮುಚ್ಚಿಕೊಂಡವು, ಮುಷ್ಟಿ ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಹುಡುಗಿಯ ಬೆರಳು ಆ ಪದದ ಕೆಳಗೇ ಇತ್ತು. ಯಾರೂ ಅದನ್ನು ಹೇಳಿಕೊಡಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು, ಹೊರಗೆ ಯಾರೋ ಸೈಕಲ್ ನಿಲ್ಲಿಸಿದ ಸದ್ದು ಬಂತು. ಇಡೀ ಕೋಣೆ ಆ ಒಂದು ಅಕ್ಷರದ ಹೊಸ್ತಿಲಲ್ಲಿ ಕಾದು ನಿಂತಿತು.

"ಕೀಲಿ," ಎಂದ ಆತ ಕೊನೆಗೆ. "ಕೀಲಿ ನನ್ನ ಹತ್ತಿರ ಇದೆ. ಒಳಗೆ ಕೇಳಿ ಬರ್ತೀನಿ."

ಆತನ ಕಿವಿಗಳು ಕೆಂಪಾಗಿದ್ದವು.

ಬೆಲ್ ಆದ ಮೇಲೆ ಅವಳು ಆತನನ್ನು ಮೊಗಸಾಲೆಯ ತನಕ ಕಳಿಸಿಕೊಡಲು ಬಂದಳು. ಹುಡುಗರು ಎಂದಿನಂತೆ ನುಗ್ಗದೆ, ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟು ಹೋದರು. ಒಂದಿಬ್ಬರು ಆತನ ತೋಳು ಮುಟ್ಟಿದರು.

"ಉತ್ತರ ಸಿಗಲಿಲ್ಲ," ಎಂದಳು ಅವಳು.

"ಇರಲಿ ಬಿಡಿ. ನಿಮಗೂ ಗೊತ್ತಿಲ್ಲ ಅನ್ನೋದು ಗೊತ್ತಾಯ್ತಲ್ಲ." ಆತ ನಕ್ಕ, ಅವಳು ನೋಡಿದ ಮೊದಲ ನಗು. "ಇವಳಿಗೆ ಹೋಗಿ ಹೇಳ್ತೀನಿ. ಮುಂದಿನ ಕ್ಲಾಸಿಗೆ ಬರೋನಿದ್ದ ಅಂದಾಗಲೇ ಅವತ್ತು ಎದ್ದು ಸ್ವಲ್ಪ ಊಟ ಮಾಡಿದ್ಲು. ಎಷ್ಟೋ ದಿನ ಆದಮೇಲೆ."

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು ಎಂದು ಅವಳಿಗನಿಸಿತು. ಆ ನಿಜ ಆತನದು, ಅದನ್ನು ಬಚ್ಚಿಟ್ಟುಕೊಳ್ಳುವ ಹಕ್ಕು ತನಗಿಲ್ಲ. ಆದರೆ ಆತನ ಹೆಂಡತಿ ಊಟ ಮಾಡುತ್ತಿದ್ದಾಳೆ. ಶೂನ್ಯ ಮೇಡಂ ಬಾಯಿ ತೆರೆದಳು. "ನಾನು," ಎಂದಳು. ಮುಂದಿನ ಮಾತು ಬರಲಿಲ್ಲ. "ನಾನು ಅವತ್ತು..." ಎಂದಳು.

ಆತ ಹೊರಟವನು ನಿಂತ. ಅವಸರ ಮಾಡಲಿಲ್ಲ, ಮಾತನ್ನು ತಾನೇ ಪೂರ್ತಿ ಮಾಡಲು ಹೋಗಲಿಲ್ಲ, ಬೇರೆ ಕಡೆ ನೋಡಲೂ ಇಲ್ಲ. ಎಷ್ಟೋ ವರ್ಷ ಹೀಗೆ ಒಬ್ಬರ ಎದುರು ನಿಂತು ರೂಢಿಯಾದವನ ಹಾಗೆ, ಮುಖ ಸ್ವಲ್ಪ ಬಗ್ಗಿಸಿ ಕಾದ.

"ನಿಧಾನಕ್ಕೆ," ಎಂದ. "ಬರುತ್ತೆ."

ಮೊಗಸಾಲೆ ಖಾಲಿಯಾಗುವ ತನಕ ಇಬ್ಬರೂ ಹಾಗೆಯೇ ನಿಂತಿದ್ದರು.

"ಏನಿಲ್ಲ," ಎಂದಳು ಅವಳು. "ಹೋಗಿಬನ್ನಿ."

ಆತ ತಲೆಯಾಡಿಸಿ ಮೆಟ್ಟಿಲಿಳಿದು ಹೋದ. ಹೆಜ್ಜೆಯ ಸದ್ದು ಕೆಳಗಿನ ಮಹಡಿಯಲ್ಲಿ ಕರಗಿತು.

ಅವಳು ಕ್ಲಾಸಿಗೆ ಮರಳಿದಾಗ ಗುಂಗುರು ಕೂದಲಿನ ಹುಡುಗಿ ಇನ್ನೂ ಅಲ್ಲೇ ಇದ್ದಳು. ತನ್ನ ಹಳೆಯ ಜಾಗದಲ್ಲಿ ಕೂರದೆ, ಅದರ ಪಕ್ಕದಲ್ಲಿ ನಿಂತು ಚೀಲ ತುಂಬುತ್ತಿದ್ದಳು.

"ಅವನು ಎಲ್ಲಿ ಕೂತ್ಕೋತಿದ್ದ?" ಎಂದು ಶೂನ್ಯ ಮೇಡಂ ಕೇಳಿದಳು.

"ಸರಿಯಾಗಿ ಗೊತ್ತಿಲ್ಲ ಮೇಡಂ. ಹಿಂದೆ ಎಲ್ಲೋ." ಹುಡುಗಿ ಚೀಲದ ಜಿಪ್ಪನ್ನು ಎಳೆದಳು, ಅದು ಸಿಕ್ಕಿಕೊಂಡಿತು. "ಒಂದು ಸಲ ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದ. ನಾನು ಏನೋ ಕೇಳಿದೆ. ಅವನು ಹೇಳೋಕೆ ಶುರು ಮಾಡಿದ. ಅಷ್ಟರಲ್ಲಿ ನನ್ನ ಸ್ಟಾಪ್ ಬಂತು, ಇಳಿದುಬಿಟ್ಟೆ." ಜಿಪ್ಪನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಳು. "ಏನು ಕೇಳಿದ್ದೆ ಅನ್ನೋದೇ ಮರೆತುಹೋಗಿದೆ."

"ನಾವೆಲ್ಲ ಕಾದ್ವಿ ಅಂದೆಯಲ್ಲ. ಅದನ್ನ ಯಾರು ಹೇಳಿದ್ರು ನಿನಗೆ?"

"ಯಾರೂ ಇಲ್ಲ. ನೀವು ಆ ಕಡೆ ನೋಡ್ತಿದ್ರಲ್ಲ ಮೇಡಂ," ಎಂದಳು ಹುಡುಗಿ. "ಯಾರೋ ಎದ್ದು ನಿಂತಿದ್ದಾರೆ, ಇನ್ನೂ ಮಾತು ಮುಗಿಸಿಲ್ಲ ಅನ್ನೋ ಹಾಗೆ. ನಾನೂ ನೋಡಿದೆ."

ಆ ಮನುಷ್ಯ ಮತ್ತೆ ಕಾಲೇಜಿಗೆ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ಒಮ್ಮೆ, ಅಕ್ಕನ ಕಣ್ಣು ತೋರಿಸಲು ಹೋದ ಕಟ್ಟಡದಲ್ಲಿ ಅವಳು ಆತನನ್ನು ದೂರದಿಂದ ಕಂಡಳು. ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನ ಬಾಗಿಲಿಗೆ ಬಾಯಿ ಹತ್ತಿರ ತಂದು, ಒಳಗೆ ಸಿಕ್ಕಿಕೊಂಡ ಯಾರೊಂದಿಗೋ ಮೆಲ್ಲಗೆ ಮಾತಾಡುತ್ತಿದ್ದ. "ಯಾರದು?" ಎಂದು ಅಕ್ಕ ಹೊಸ ಕನ್ನಡಕವನ್ನು ಸರಿಮಾಡಿಕೊಳ್ಳುತ್ತ ಕೇಳಿದಳು. ಅವಳು ಹೇಳಿದಳು. ಅಕ್ಕ ಅವಳ ತೋಳು ಹಿಡಿದು ಮೆಟ್ಟಿಲ ಕಡೆ ತಿರುಗಿದಳು.

ಆ ಹುಡುಗರು ಪಾಸಾಗಿ ಹೋದರು. ಹೊಸಬರು ಬಂದರು. ಅವರಿಗೆ ರೈಲ್ವೆ ಹಳಿಯ ಕತೆ ಗೊತ್ತಿರಲಿಲ್ಲ, ಗೊತ್ತಿದ್ದವರಿಗೂ ಅದು ಹಳೆಯ ಸುದ್ದಿ. ಅವಳು ಹಾಜರಿಯನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆಂದು ಪಕ್ಕದ ಕ್ಲಾಸಿನ ಅಧ್ಯಾಪಕರು ತಮಾಷೆ ಮಾಡುತ್ತಿದ್ದರು. ಕಾವಲುಗಾರರ ನಾಟಕ ಬಂದಾಗ ಅವಳು ಗೇಟಿನ ಬಗ್ಗೆ, ಬಯಲಿನ ಬಗ್ಗೆ, ಬೆಳಿಗ್ಗೆಯ ಬೀಗ ಸಂಜೆಯ ಬೀಗದ ಬಗ್ಗೆ ಎಂದಿನಂತೆ ಹೇಳಿದಳು. ನಗಿಸುವ ಜಾಗ ಬಂತು. ಅವಳು ಅಲ್ಲಿ ನಿಲ್ಲಿಸಿ, ಕಿಟಕಿ ಪಕ್ಕದ ಮೂರನೇ ಬೆಂಚಿನತ್ತ ನೋಡಿ, ಸುಮ್ಮನಾದಳು.

ಕ್ಲಾಸು ಮೊದಲು ಗುಸುಗುಸು ಎಂದಿತು, ಆಮೇಲೆ ತಣ್ಣಗಾಯಿತು. ಕಿಟಕಿಯ ಬಿಸಿಲು ಬೆಂಚಿನ ಮೇಲಿನ ಪೆನ್ನಿನ ಬಳ್ಳಿಯ ಮೇಲೆ ಬಿದ್ದಿತ್ತು. ಅಲ್ಲಿ ಈಗ ಕೂರುತ್ತಿದ್ದ ಹೊಸ ಹುಡುಗಿ, ತನ್ನನ್ನೇ ಏನೋ ಕೇಳಿದ್ದಾರೆ, ತನಗೆ ಕೇಳಿಸಲಿಲ್ಲ ಎಂದುಕೊಂಡು, ಬೆಂಚಿನ ಅಂಚು ಹಿಡಿದು ಅರ್ಧ ಎದ್ದು ನಿಂತಳು.